ಳಕಾರದ ಪ್ರಕರಣ

"ಯಾರೋ ನನ್ನ ಕವಿಯ ಲಿಂಗ ಬದಲಾಯಿಸಿದ್ದಾರೆ. ಮೊದಲು ಎಫ್‌ಐಆರ್ ಹಾಕಿ."

2014ನೇ ಇಸವಿ ಮಾರ್ಚ್ 12, ಬುಧವಾರ ಬೆಳಿಗ್ಗೆ ಹತ್ತೂವರೆಗೆ ದುಬೈಯ ಅಲ್ ಕೂಜ್ ಕಡೆಯ ಠಾಣೆಯೊಂದಕ್ಕೆ ಬಂದ ದೂರು ಇಷ್ಟೇ. ದೂರುದಾರರು ಡಾ. ಬೆನೆಡಿಕ್ಟ್, ಮಂಗಳೂರಿನ ನಿವೃತ್ತ ಫ್ರೆಂಚ್ ಪ್ರಾಧ್ಯಾಪಕರು. ಎಪ್ಪತ್ತು ದಾಟಿದ ಮೇಲೂ, ಈ ಊರಿನ ಬಿಸಿಲಿನಲ್ಲೂ, ಕೋಟು ಬಿಟ್ಟವರಲ್ಲ. ಕೇಳಿಸಿಕೊಂಡವನು ಸಫೀರ್, ಠಾಣೆಯ ತರ್ಜುಮೆದಾರ, ಬಂಟ್ವಾಳದ ಬ್ಯಾರಿ. ಬೌನ್ಸ್ ಆದ ಚೆಕ್ಕು, ಬಾಡಿಗೆ ಮಂಚದ ಬೆಡ್‌ಸ್ಪೇಸಿನ ಜಗಳ, ಕಳೆದುಹೋದ ಮೊಬೈಲು, ಇವನ್ನೆಲ್ಲ ಕನ್ನಡ, ತುಳು, ಮಲಯಾಳಗಳಿಂದ ಅರಬಿಗೆ ದಾಟಿಸುವುದು ಅವನ ಕೆಲಸ. ಈ ದೂರನ್ನು ಹೇಗೆ ದಾಟಿಸಬೇಕೆಂದು ಅವನಿಗೆ ಹೊಳೆಯಲಿಲ್ಲ.

ಮೇಜಿನ ಆಚೆ ಲೆಫ್ಟಿನೆಂಟ್ ಮೌಜಾ ಕೂತಿದ್ದರು. ಮೂವತ್ತರ ಆಸುಪಾಸಿನ ಎಮಿರಾತಿ ಹೆಣ್ಣುಮಗಳು. ನಗುವುದಕ್ಕೆ ಅವಸರವಿಲ್ಲದ ಅಧಿಕಾರಿ.

"ಏನಂತೆ?"

"ಇವರ ಕವಿಯನ್ನು ಯಾರೋ ಹೆಣ್ಣು ಮಾಡಿದ್ದಾರಂತೆ, ಮೇಡಂ."

"ಕವಿ ಎಲ್ಲಿದ್ದಾನೆ? ಆಸ್ಪತ್ರೆಗೆ ಸೇರಿಸಿದ್ದಾರಾ?"

"ಸತ್ತು ಆರುನೂರು ವರ್ಷ ಆಯಿತಂತೆ."

ಮೌಜಾ ಪೆನ್ನು ಕೆಳಗಿಟ್ಟರು. ಪ್ರಾಧ್ಯಾಪಕರು ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲೆ ಬಡಿದರು. ನೀಲಿ ರಕ್ಷಾಪುಟ, ಬಿಳಿ ಅಕ್ಷರ: 'ನೀಲಿ ಕೈಗಳ ಹಾಡು'. ಮೂಲ ಫ್ರೆಂಚ್, ಹದಿನಾಲ್ಕನೇ ಶತಮಾನ. ಕನ್ನಡಕ್ಕೆ: ರಾಜೀವಿ. ಸಂಪಾದನೆ ಮತ್ತು ಮುನ್ನುಡಿ: ಡಾ. ಬೆನೆಡಿಕ್ಟ್. ನಾನೂರು ಪ್ರತಿ ಮಂಗಳೂರಿನಲ್ಲಿ ಅಚ್ಚಾಗಿ ಕಾರ್ಗೋದಲ್ಲಿ ಬಂದು ಅಲ್ ಕೂಜಿನ ಗೋದಾಮೊಂದರಲ್ಲಿ ಕೂತಿವೆ. ಶುಕ್ರವಾರ ಸಂಜೆ ಇಲ್ಲಿನ ಕರಾವಳಿ ಕನ್ನಡಿಗರ ಬಳಗದಲ್ಲಿ ಬಿಡುಗಡೆ. ಅಚ್ಚಿನ ಖರ್ಚು ಪ್ರಾಧ್ಯಾಪಕರದ್ದೇ, ಆದ್ದರಿಂದ ಸ್ವತ್ತೂ ಅವರದ್ದೇ. ನಿನ್ನೆ ಅವರು ವಿಮಾನ ಇಳಿದು ಒಂದು ಕಟ್ಟು ಬಿಚ್ಚಿಸಿ ನೋಡಿದರೆ, ಪ್ರತಿಯೊಂದು ಪ್ರತಿಯಲ್ಲೂ ಯಾರೋ ವೈಟ್ನರ್ ಬಳಿದು ಕಪ್ಪು ಪೆನ್ನಿನಲ್ಲಿ ಅಲ್ಲಲ್ಲಿ ಅದೇ ಒಂದು ಅಕ್ಷರ ತಿದ್ದಿದ್ದಾರೆ.

"ಯಾವ ಅಕ್ಷರ?" ಮೌಜಾ ಕೇಳಿದರು.

ಸಫೀರ್ ಪುಟ ತೆರೆದ. ಅಚ್ಚಾದ ಸಾಲು 'ಒಲೆ ಆರಿತು, ಹೊಂಡ ತಣಿಯಿತು, ನಾನಿಲ್ಲಿ ಒಬ್ಬನೇ' ಎಂದಿದ್ದಿರಬೇಕು. ಈಗ ಅದು 'ಒಬ್ಬಳೇ' ಆಗಿತ್ತು. ಅವನು ವಿವರಿಸಲು ಹೊರಟ: ಕನ್ನಡದಲ್ಲಿ ನಾನು ಬಂದೆ, ನಾನು ಹೋದೆ ಎಂದರೆ ಹೇಳುವವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ ಮೇಡಂ, ಆದರೆ ಒಂಟಿ ಎನ್ನುವ ಈ ಪದದಲ್ಲಿ ಗೊತ್ತಾಗಿಬಿಡುತ್ತದೆ...

"ವಹೀದ್, ವಹೀದಾ," ಎಂದರು ಮೌಜಾ. ಒಂಟಿ ಗಂಡಸು, ಒಂಟಿ ಹೆಂಗಸು. ಅರಬಿಯಲ್ಲೂ ಪದದ ಕೊನೆಗೆ ಎರಡು ಚುಕ್ಕೆಯ ಪುಟ್ಟ ದುಂಡಕ್ಷರವೊಂದು ಬಂದು ಕೂತರೆ ಅವನು ಅವಳಾಗುತ್ತಾನೆ. "ಅರ್ಥವಾಯಿತು. ಮುಂದೆ ಹೇಳು."

ಮುಂದೆ ಹೇಳಿದ್ದು ಪ್ರಾಧ್ಯಾಪಕರೇ. ಅವರಿಗೆ ಹೇಳಿ ರೂಢಿ. ಈ ಹಾಡನ್ನು ಉತ್ತರ ಫ್ರಾನ್ಸಿನ ಇಸಾಬೊ ದ ಕಾರ್ನೇ ಎಂಬ ವಿಧವೆ ಬರೆದಳೆಂದು ಬಹಳ ಕಾಲದ ನಂಬಿಕೆ. ಗಂಡ ಬಟ್ಟೆಗೆ ನೀಲಿ ಬಣ್ಣ ಹಾಕುವವನು. ಅವನು ಸತ್ತಮೇಲೆ ಅವಳೇ ಹೊಂಡಕ್ಕಿಳಿದು ಬಣ್ಣ ಹಾಕಿದಳು, ಮೊಣಕೈವರೆಗೆ ನೀಲಿಯಾದ ಕೈಗಳ ಮೇಲೆ ಹಾಡು ಕಟ್ಟಿದಳು ಎಂದು ಕತೆ. ಆದರೆ ಹಾಡಿನಲ್ಲಿ ಬೈಬಲ್ ಇದೆ, ಕಾನೂನು ಇದೆ. ಬಣ್ಣ ಹಾಕುವ ಹೆಂಗಸಿಗೆ ಅದೆಲ್ಲ ಎಲ್ಲಿಂದ ಬರಬೇಕು? ಬರೆದವನು ಅವಳ ಪಾದ್ರಿ ಗೊತಿಯೆ ಎಂದು ಪ್ಯಾರಿಸಿನಲ್ಲಿ ಕೂತು ಸಾಧಿಸಿದವರು ಡಾ. ಬೆನೆಡಿಕ್ಟ್. ನಲವತ್ತು ವರ್ಷದಿಂದ ಅವರಿಗಿರುವ ಹೆಸರೆಲ್ಲ ಅದೇ.

"ಕವಿಯಾಗಿ ಅವನು ದೊಡ್ಡವನೇ?" ಮೌಜಾ ಕೇಳಿದರು.

"ಸಾಧಾರಣ. ಛಂದಸ್ಸು ಕುಂಟುತ್ತದೆ. ಎಲ್ಲ ವಿಮರ್ಶಕರೂ ಒಪ್ಪಿದ ಮಾತು."

"ಕುಂಟುವ ಕವಿಗಾಗಿ ಇಷ್ಟು ಜಗಳವೇ?"

ಸಫೀರ್ ಇದನ್ನು ಸ್ವಲ್ಪ ಸಕ್ಕರೆ ಬೆರೆಸಿ ದಾಟಿಸಿದ. ಆದರೂ ಪ್ರಾಧ್ಯಾಪಕರ ಮುಖ ಕೆಂಪಾಯಿತು. ಯಾರ ಮೇಲೆ ಅನುಮಾನ ಎಂದು ಕೇಳಿದಾಗ ಮೈಸೂರಿನ ಇಬ್ಬರು ವಿದ್ವಾಂಸರು, ಪುದುಚೇರಿಯ ಒಬ್ಬರು, ಹೀಗೆ ಎಣಿಸುತ್ತ ಹೋದರು. ಅನುವಾದಕಿಯ ಹೆಸರು ಅದರಲ್ಲಿರಲಿಲ್ಲ.

"ರಾಜೀವಿಯಾ? ಛೆ ಛೆ. ಪಾಪದ ಹೆಂಗಸು. ಒಳ್ಳೆಯ ಟೀಚರ್. ಅವಳ ಕೈಬರಹದ ಪ್ರತಿಯಲ್ಲಿ ಒಬ್ಬಳೇ ಅಂತಲೇ ಇತ್ತು, ನಾನೇ ಎಲ್ಲ ಕಡೆ ತಿದ್ದಿದೆ. ಫೋನ್ ಮಾಡಿ ಕೇಳಿದಳು, ವಿದ್ವತ್ತಿನಲ್ಲಿ ಇದು ತೀರ್ಮಾನವಾದ ವಿಷಯ ಅಂತ ಹೇಳಿದೆ. ಸರಿ ಸರ್ ಅಂದಳು. ಅವಳಿಗೆ ಇಷ್ಟು ಧೈರ್ಯ ಎಲ್ಲಿಂದ?"

ಮೌಜಾ ರಾಜೀವಿಯ ಫೋನ್ ನಂಬರು ಬರೆದುಕೊಂಡರು. ನಮ್ಮೂರಿನಲ್ಲಿ ಎಫ್‌ಐಆರ್ ಎನ್ನುವುದನ್ನು ಇಲ್ಲಿ ಬಲಾಗ್ ಎನ್ನುತ್ತಾರೆ. ಅದು ದಾಖಲಾಯಿತು: ಪರರ ಸ್ವತ್ತಿಗೆ ಹಾನಿ.

ಮಧ್ಯಾಹ್ನ ಪಂಚನಾಮೆಗೆ ಹೋದರು. ಟೈಲ್ಸ್ ಗೋದಾಮಿಗೂ ಟೈರಿನ ಅಂಗಡಿಗೂ ನಡುವೆ ಪೃಥ್ವಿರಾಜನ ಕಾರ್ಗೋ ಗೋದಾಮು. ಉಡುಪಿ ಕಡೆಯ ಪೃಥ್ವಿರಾಜ್ ಬಳಗದ ಅಧ್ಯಕ್ಷನೂ ಹೌದು. ಶುಕ್ರವಾರದ ಸಭಾಂಗಣ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಅವನ ತಲೆಯ ಮೇಲೆ. ಅವನು ಸಫೀರನನ್ನು ಬದಿಗೆ ಕರೆದ.

"ಸಫೀರ್ ಭಾಯ್, ಇದೆಂತ ಮಾರಾಯ್ರೇ, ಒಂದು ಅಕ್ಷರಕ್ಕೆ ಪೊಲೀಸಾ? ಖಲಾಸ್ ಮಾಡಿ ಬಿಡಿ. ಪ್ರೊಫೆಸರಿಗೆ ನಾನು ಹೇಳ್ತೇನೆ."

"ಪ್ರೊಫೆಸರ್ ನಿಮ್ಮ ಮಾತು ಕೇಳ್ತಾರಾ?"

"ಇಲ್ಲ," ಎಂದ ಪೃಥ್ವಿರಾಜ್.

ಬೀಗ ಮುರಿದಿರಲಿಲ್ಲ. ಕಿಟಕಿಯ ಜಾಲರಿ ಸರಿಯಿತ್ತು. ಕಾನ್‌ಸ್ಟೇಬಲ್ ಅಬ್ದುಲ್ಲ ಒಂದೊಂದರ ಫೋಟೋ ತೆಗೆದ. ಯೆಮನಿನ ಅಬ್ದುಲ್ಲನಿಗೆ ಮಾತು ಕಡಿಮೆ, ಮೂಗು ಚುರುಕು. ಪುಸ್ತಕದ ಕಟ್ಟುಗಳ ಹಿಂದಿನಿಂದ ಅವನು ಎಣ್ಣೆ ಹೀರಿದ ಒಂದು ಹಳೆಯ ಪೇಪರ್ ಎತ್ತಿ ಮೂಸಿ ನೋಡಿ, ಸಫೀರನ ಮೂಗಿಗೂ ಹಿಡಿದ. ಗೋಳಿಬಜೆ. ಅನುಮಾನವೇ ಇಲ್ಲ. ಪಕ್ಕದಲ್ಲಿ ಖಾಲಿ ವೈಟ್ನರ್ ಬಾಟಲಿಗಳು, ಚಹಾದ ಪೇಪರ್ ಕಪ್ಪುಗಳು. ಕಪ್ಪುಗಳು ಒಂದರೊಳಗೊಂದು ಚಂದವಾಗಿ ಸೇರಿಸಿಟ್ಟಿದ್ದವು. ಕಳ್ಳರು ಇಷ್ಟು ಅಚ್ಚುಕಟ್ಟು ಇರುವುದಿಲ್ಲ.

ಸ್ಟೋರ್ ನೋಡಿಕೊಳ್ಳುವವನು ತುಕ್ರ. ಬೀಗದ ಕೈ ಅವನ ಸೊಂಟದಲ್ಲೇ ಇತ್ತು.

"ಯಾರು ಬಂದಿದ್ದರು?"

"ಯಾರೂ ಇಲ್ಲ ಸಾರ್."

"ಗೋಳಿಬಜೆ ಯಾರು ತಿಂದದ್ದು?"

"ನಾನು."

"ಇಷ್ಟೂ?"

"ನನಗೆ ಪ್ರೀತಿ ಸಾರ್, ಗೋಳಿಬಜೆ ಅಂದ್ರೆ."

ಮೌಜಾ ಅವನನ್ನು ಬಿಟ್ಟು ಪುಸ್ತಕಗಳ ಕಡೆ ತಿರುಗಿದರು. ಹತ್ತಿಪ್ಪತ್ತು ಪ್ರತಿಗಳನ್ನು ನೆಲದ ಮೇಲೆ ತೆರೆದಿಡಿಸಿ, ಸಫೀರನನ್ನು ಓದಲು ಹಚ್ಚಿದರು. "ಎಲ್ಲ ಒಬ್ಬನೇಗಳನ್ನೂ ತಿದ್ದಿದ್ದಾರಾ ನೋಡು."

ಇಲ್ಲ. 'ಈ ಬಣ್ಣ ಹೇಗೆ ಕೂತಿತೋ ದೇವರೊಬ್ಬನೇ ಬಲ್ಲ' ಎಂಬಲ್ಲಿ ವೈಟ್ನರ್ ಮುಟ್ಟಿರಲಿಲ್ಲ. 'ಮಣ್ಣಿನೊಳಗೆ ಅವನು ಒಬ್ಬನೇ' ಎಂದು ಸತ್ತ ಗಂಡನ ಬಗ್ಗೆ ಬರುವ ಕಡೆಯೂ ಮುಟ್ಟಿರಲಿಲ್ಲ. ಯಾವ ಪ್ರತಿಯಲ್ಲೂ ತಪ್ಪಿರಲಿಲ್ಲ. ನಾನು ಎಂದು ಹೇಳುವ ದನಿ ಬಂದಲ್ಲಿ ಮಾತ್ರ ತಿದ್ದಿದ್ದರು.

"ಓದಿ ತಿದ್ದಿದ್ದಾರೆ. ಹಾಳು ಮಾಡುವವರು ಓದುವುದಿಲ್ಲ," ಎಂದರು ಮೌಜಾ. "ಇದರಿಂದ ಯಾರಿಗೆ ಲಾಭ?"

"ಸತ್ತುಹೋದ ಆ ಹೆಂಗಸಿಗೆ ಮಾತ್ರ ಮೇಡಂ."

ಇನ್ನೊಂದು ಸಂಗತಿ ಸಫೀರನ ಕಣ್ಣಿಗೆ ಬಿತ್ತು. ಕೈಬರಹ ಒಂದಲ್ಲ. ಒಂದು ಕಟ್ಟಿನಲ್ಲಿ ಳಕಾರ ದುಂಡಗೆ, ಇನ್ನೊಂದರಲ್ಲಿ ಬಾಲ ಎಳೆದ ಹಾಗೆ, ಮತ್ತೊಂದರಲ್ಲಿ ಒತ್ತಿ ಒತ್ತಿ ಹಿಂಬದಿಗೂ ಮೂಡಿದ ಹಾಗೆ. ಮೂಲೆಯ ಒಂದು ಕಟ್ಟಿನಲ್ಲಂತೂ ವಿಚಿತ್ರವಾಗಿತ್ತು. 'ಳೇ' ಬರೆದವರು ಏತ್ವವನ್ನು ಅಕ್ಷರದ ನೆತ್ತಿಯ ಮೇಲೆ ಇಡದೆ ಅಕ್ಷರದ ಎಡಕ್ಕೆ ನಿಲ್ಲಿಸಿದ್ದರು. ಮೊದಲು ಏತ್ವ, ಆಮೇಲೆ ಳ. ಕನ್ನಡದಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಮಲಯಾಳದಲ್ಲಿ ಹಾಗೇ ಬರೆಯುತ್ತಾರೆ. ಮಲಯಾಳ ಕಲಿತು ಆಮೇಲೆ ಕನ್ನಡಕ್ಕೆ ಬಂದ ಕೈ, ಅವಸರದಲ್ಲಿ ಹಳೆಯ ದಾರಿ ಹಿಡಿದಿತ್ತು.

ಅವನು ಅದನ್ನು ಮೌಜಾರಿಗೆ ಹೇಳಿದ. ಹೇಳಿದ ಮೇಲೆ, ಈ ಎಡಗಡೆಯ ಏತ್ವವನ್ನು ಮೊದಲೂ ನೋಡಿದ್ದೇನೆ ಅನಿಸಿತು. ಎಲ್ಲೆಂದು ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಸಂಜೆ, ದೇರಾದ ಅವನ ಫ್ಲ್ಯಾಟಿನ ಅಡಿಗೆಮನೆಯಲ್ಲಿ. ಹೆಂಡತಿ ಹಸ್ನಾ ಮೀನು ಹುರಿಯುತ್ತಿದ್ದಳು. ಕಪಾಟಿನಲ್ಲಿ ಉಪ್ಪಿನಕಾಯಿ ಭರಣಿಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಅವಳೇ ಚೀಟಿ ಅಂಟಿಸಿದ್ದಳು, ಹೊಸದಾಗಿ ಕಲಿತ ಕನ್ನಡದ ಹೆಮ್ಮೆಗೆ: ಮಾವಿನಮಿಡಿ, ನಿಂಬೆಹುಳಿ, ಬೆಳ್ಳುಳ್ಳಿ. ಬೆಳ್ಳುಳ್ಳಿಯ 'ಬೆ'ಗೆ ಇರಬೇಕಾದ ಎತ್ವ ಬಕಾರದ ಎಡಕ್ಕೆ, ಬೇಲಿಯ ಆಚೆ ನಿಂತ ನೆಂಟನ ಹಾಗೆ ನಿಂತಿತ್ತು. ನಿಂಬೆಯಲ್ಲೂ ಹಾಗೇ. ಎಷ್ಟೋ ಸಲ ಅದನ್ನು ನೋಡಿ ನಕ್ಕಿದ್ದ.

ಹಸ್ನಾ ಕಾಸರಗೋಡಿನ ಕಡೆಯವಳು, ಶಾಲೆ ಮುಗಿಸಿದ್ದು ಮಲಯಾಳದಲ್ಲಿ. ಮದುವೆಯಾಗಿ ಇಲ್ಲಿ ಬಂದಮೇಲೆ, ಬಳಗದ ಕೋಣೆಯಲ್ಲಿ ಶುಕ್ರವಾರ ನಡೆಯುವ ಕನ್ನಡ ಕ್ಲಾಸಿಗೆ ಸೇರಿದಳು. ಕಲಿಸುವವರು ಅಬುಧಾಬಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಟೀಚರ್. ಹೆಸರು ರಾಜೀವಿ. ಬೆಳಿಗ್ಗೆಯೇ ಈ ಹೆಸರು ಕೇಳಿಯೂ ಅವನ ತಲೆಗೆ ಹೋಗಿರಲಿಲ್ಲ. ಮನೆಯಲ್ಲಿ ಅವರು ಬರೀ ಟೀಚರ್.

"ಉಗುರು ನೋಡುವಾ," ಎಂದ ಸಫೀರ್.

ಹಸ್ನಾ ಬಲಗೈ ಚಾಚಿದಳು. ಉಗುರಿನ ಸಂದಿಯಲ್ಲಿ ವೈಟ್ನರಿನ ಬಿಳಿ ಇನ್ನೂ ಇತ್ತು. ಅಡಗಿಸುವ ಪ್ರಯತ್ನವನ್ನೇ ಮಾಡಲಿಲ್ಲ.

"ಹೌದು. ನಾನೂ ಬರೆದದ್ದು. ಎಂತ ಈಗ? ಹಿಡಿದುಕೊಂಡು ಹೋಗಿ."

"ನಿನಗೆ ತಲೆ ಸರಿ ಉಂಟಾ? ನಾನು ಕೆಲಸ ಮಾಡುವುದು ಎಲ್ಲಿ ಅಂತ ಗೊತ್ತಿಲ್ವಾ?"

"ಗೊತ್ತುಂಟು. ಅದಕ್ಕೇ ನಿಮಗೆ ಹೇಳಲಿಲ್ಲ." ಅವಳು ಒಲೆ ಆರಿಸಿದಳು. "ಬಂದ ಹೊಸತರಲ್ಲಿ ನೀವು ಬೆಳಿಗ್ಗೆ ಹೋದರೆ ರಾತ್ರಿ. ನಾನು ಇಲ್ಲಿ ಈ ನಾಲ್ಕು ಗೋಡೆ ನೋಡಿಕೊಂಡು ಕೂತಿದ್ದೆ. ಅದಕ್ಕೊಂದು ಹೆಸರುಂಟು ಅಂತ ನನಗೆ ಗೊತ್ತೇ ಇರಲಿಲ್ಲ. ಟೀಚರ್ ಆ ಹಾಡು ಓದಿ, ಒಬ್ಬಳೇ ಅಂತ ಬೋರ್ಡಿನಲ್ಲಿ ಬರೆದರು. ನನ್ನದೇ ಹೆಸರು ಬರೆದ ಹಾಗೆ ಆಯ್ತು. ಆ ಮುದುಕ ಬಂದು ಅದನ್ನು ಒಬ್ಬನೇ ಅಂತ ಮಾಡಿದರೆ ನಾನು ಎಲ್ಲಿಗೆ ಹೋಗಲಿ?"

ಸಫೀರನ ಸಿಟ್ಟೆಲ್ಲ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ನಾಚಿಕೆಯಾಯಿತು ಅವನಿಗೆ.

"ಜೊತೆಗೆ ಯಾರೆಲ್ಲ ಇದ್ದರು?"

"ನನ್ನ ಹೆಸರು ಬರೆದುಕೊಳ್ಳಿ. ಬೇರೆಯವರದ್ದು ನಿಮಗೆ ಯಾಕೆ?" ಅಷ್ಟು ಹೇಳಿ ಮೀನು ಬಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ ತಾನಾಗಿಯೇ ಹೇಳಿದಳು: "ಫ್ರೆಂಚಲ್ಲಿ ಒಬ್ಬನೇ ಅನ್ನುವುದಕ್ಕೆ ನಮ್ಮ ಕಿವಿಗೆ 'ಸೋಲ್' ಅಂತ ಕೇಳ್ತದಂತೆ. ಹೆಂಗಸಾದರೆ ಕೊನೆಗೊಂದು ಎಕಾರ. ಈಗ ಅದನ್ನು ಉಚ್ಚರಿಸುವುದಿಲ್ಲ, ಆ ಕಾಲದಲ್ಲಿ ಉಚ್ಚರಿಸ್ತಿದ್ದರಂತೆ. 'ಸೋಲೆ'. ಟೀಚರ್ ನೆನಪಿಡಲಿಕ್ಕೆ ಉಪಾಯ ಹೇಳಿದರು. ಗಂಡಸಿಗೆ ಸೋಲು, ಹೆಂಗಸಿಗೆ ಸೋಲೆ. ಹಳೆಯ ಕನ್ನಡದಲ್ಲಿ ಸೋಲೆ ಅಂದರೆ ನಾನು ಸೋಲುವುದಿಲ್ಲ ಅಂತ ಅರ್ಥವಂತೆ. ಕ್ಲಾಸಿಡೀ ನಕ್ಕಿತ್ತು."

ಗುರುವಾರ ಬೆಳಿಗ್ಗೆ ಎಂಟಕ್ಕೆ ಸಫೀರ್ ಮೌಜಾರ ಮುಂದೆ ನಿಂತ. ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. "ಮೇಡಂ, ಏತ್ವ ಎಡಕ್ಕೆ ಹಾಕಿದವರು ಯಾರು ಅಂತ ನನಗೆ ಗೊತ್ತಾಗಿದೆ."

"ಸಾಕ್ಷಿ ಇದೆಯಾ?"

"ಬೆಳ್ಳುಳ್ಳಿ ಉಪ್ಪಿನಕಾಯಿಯ ಭರಣಿ. ನಮ್ಮ ಮನೆಯದ್ದು."

ಮೌಜಾ ಕಡತ ಮುಚ್ಚಿದರು. "ಅನುವಾದಕಿಯನ್ನು ಬರಹೇಳಿದ್ದೇನೆ. ನಿನ್ನೆ ಫೋನಿನಲ್ಲಿ ಅವರು ಕೊಟ್ಟ ಉತ್ತರ ಏನು ಗೊತ್ತಾ? ಇವತ್ತು ಪರೀಕ್ಷೆಯ ಡ್ಯೂಟಿ ಇದೆ, ನಾಳೆ ನಾನೇ ಬರುತ್ತೇನೆ, ಕಾರು ಕಳಿಸಬೇಡಿ. ಮೊದಲು ಅವರ ಹೇಳಿಕೆ ಆಗಲಿ. ಅಲ್ಲಿ ಬೇರೆ ಹೆಸರು ಬಂದರೆ ಭರಣಿಯ ವಿಷಯ ನೋಡೋಣ. ನಡುವೆ ನೀನು ಒಂದು ಅಕ್ಷರ ಸೇರಿಸಬೇಡ, ಒಂದು ಅಕ್ಷರ ಬಿಡಬೇಡ."

"ಆಯಿತು ಮೇಡಂ."

"ಅದನ್ನು ಮಾಡಿದವರಿಂದಲೇ ಇದೆಲ್ಲ ಶುರುವಾದದ್ದು."

ಹನ್ನೊಂದು ಗಂಟೆಗೆ ರಾಜೀವಿ ಬಂದಳು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ, ಹತ್ತಿರದ ಇಂಡಿಯನ್ ಶಾಲೆಯಲ್ಲಿ ಫ್ರೆಂಚ್ ಟೀಚರ್. ಗಿಡ್ಡ ಆಳು, ಇಸ್ತ್ರಿ ಮಾಡಿದ ಹತ್ತಿ ಸೀರೆ. ಜೊತೆಗೆ ಮಗಳು ತೃಷಾ, ಹನ್ನೆರಡನೇ ಕ್ಲಾಸು, ಬೋರ್ಡ್ ಪರೀಕ್ಷೆಯ ನಡುವೆ. ಮನೆಗೆ ಬರುವುದು ಅಮ್ಮನ ಒಂದೇ ಸಂಬಳ. ಪೊಲೀಸ್ ಕೇಸಾದ ಟೀಚರನ್ನು ಆ ಶಾಲೆ ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಇದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗೋಡೆಗೊರಗಿ ಕೂತ ಡಾ. ಬೆನೆಡಿಕ್ಟರಿಗೂ.

"ಹೆಸರು?"

"ರಾಜೀವಿ."

"ಪುಸ್ತಕ ಹಾಳು ಮಾಡಿದ್ದು ನೀವಾ?"

"ಹಾಳು ಮಾಡಿದ್ದು ಅವರು. ತಿದ್ದಿದ್ದು ನಾನು."

"ಗೋದಾಮಿನೊಳಗೆ ಹೋದದ್ದು ಹೇಗೆ?"

"ಬಾಗಿಲಿಂದ. ಪುಸ್ತಕಕ್ಕೆ ಸಹಿ ಹಾಕಲಿಕ್ಕುಂಟು ಅಂತ ತುಕ್ರನಿಗೆ ಹೇಳಿದೆ. ನಂಬಿದ. ಅವನದ್ದೇನೂ ತಪ್ಪಿಲ್ಲ."

"ಜೊತೆಗೆ ಯಾರಿದ್ದರು?"

"ನಾನು ಒಬ್ಬಳೇ."

ಸಫೀರ್ ದಾಟಿಸಿದ: "ವಹೀದಾ." ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ಮೌಜಾ ಫೋಟೋಗಳನ್ನು ಹರಡಿದರು. "ಇಲ್ಲಿ ಐದಾರು ಕೈಬರಹ ಇದೆ."

"ಬರೆದು ಬರೆದು ಕೈ ಸೋತರೆ ಅಕ್ಷರ ಬದಲಾಗ್ತದೆ."

"ಇದು ಮಲಯಾಳದ ರೂಢಿ."

"ನನಗೆ ಮಲಯಾಳವೂ ಬರ್ತದೆ."

"ಚಹಾದ ಕಪ್ಪುಗಳು ಬಹಳ ಇದ್ದವು."

"ನಾನು ಚಹಾ ಜಾಸ್ತಿ ಕುಡಿಯುವುದು."

ಇಷ್ಟು ಹೊತ್ತಿನಲ್ಲಿ ರಾಜೀವಿ ಸಫೀರನ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಮೌಜಾ ಬರೆದುಕೊಂಡರು: ಆರೋಪಿಯ ಪ್ರಕಾರ ಬೇರೆ ಯಾರೂ ಇಲ್ಲ. ಕೈಬರಹಗಳು ಬೇರೆ ಬೇರೆಯಾಗಿ ಕಾಣುತ್ತವೆ. ಕನ್ನಡ ಕೈಬರಹ ಪರೀಕ್ಷಿಸುವ ತಜ್ಞರು ಲಭ್ಯರಿಲ್ಲ. ತರ್ಜುಮೆದಾರನು ತನ್ನ ಮನೆಯ ಭರಣಿಯೊಂದನ್ನು ಪರಿಶೀಲನೆಗೆ ಕೊಡಲು ಒಪ್ಪಿದ್ದಾನೆ. ಪ್ರಾಸಿಕ್ಯೂಷನ್ ಕೇಳಿದರೆ ಮುಂದಿನ ಕ್ರಮ.

ಆಗ ಡಾ. ಬೆನೆಡಿಕ್ಟ್ ಎದ್ದುನಿಂತರು. ದನಿ ಮೃದುವಾಗಿತ್ತು. "ರಾಜೀವಿ, ನೀನು ಹೀಗೆ ಮಾಡ್ತೀ ಅಂತ ನನಗೆ ಕನಸಿನಲ್ಲೂ ಇರಲಿಲ್ಲ. ನಾನು ಯಾರ ಹೊಟ್ಟೆಯ ಮೇಲೂ ಹೊಡೆಯುವವನಲ್ಲ. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಎರಡು ಸಾಲು ಬರೆದುಕೊಡು. ನನ್ನ ಅನುವಾದದಲ್ಲಿ ಒಬ್ಬಳೇ ಎಂದಿದ್ದದ್ದು ತಪ್ಪು, ಸಂಪಾದಕರು ಸರಿಪಡಿಸಿದ್ದಾರೆ, ಅಷ್ಟೇ. ಮನೆಗೆ ಹೋಗು. ಮಗುವಿನ ಪರೀಕ್ಷೆ ಉಂಟಲ್ಲ."

ಸಫೀರ್ ಇದನ್ನೂ ದಾಟಿಸಿದ. ಮೌಜಾ ತಲೆಯಾಡಿಸಿದರು. ದೂರುದಾರ ಹಿಂದೆ ಸರಿದರೆ ಕಡತ ಇಲ್ಲಿಗೇ ಮುಗಿಯಬಹುದು, ಯೋಚನೆ ಮಾಡಿ ಎಂದರು. ಅವರ ಮುಖ ನೋಡಿದರೆ, ಈ ಹೆಂಗಸು ಒಪ್ಪಿಕೊಂಡು ಹೋಗಿಬಿಟ್ಟರೆ ಸಾಕಪ್ಪಾ ಎಂದು ಅವರಿಗೂ ಅನಿಸುತ್ತಿದ್ದ ಹಾಗಿತ್ತು.

"ಪುಸ್ತಕಕ್ಕೆ ವೈಟ್ನರ್ ಹಚ್ಚಿದ್ದು ತಪ್ಪು," ಎಂದಳು ರಾಜೀವಿ. "ಅದು ನಿಮ್ಮ ಸ್ವತ್ತು. ಕ್ಷಮಿಸಿ ಅಂತ ಬರೆದುಕೊಡ್ತೇನೆ, ನಷ್ಟವನ್ನೂ ತುಂಬಿಕೊಡ್ತೇನೆ. ಅಕ್ಷರ ತಪ್ಪು ಅಂತ ಬರೆಯುವುದಿಲ್ಲ."

"ಹಟ ಮಾಡಬೇಡ. ನೂರೈವತ್ತು ವರ್ಷದ ಹಿಂದೆ ಫ್ರೆಂಚ್ ಮೂಲದ ಮೊದಲ ಸಂಪಾದಕರೇ ಕೊನೆಯ ಆ ಎಕಾರಗಳನ್ನು ನಕಲುಗಾರನ ಕೈತಪ್ಪು ಅಂತ ತೆಗೆದುಹಾಕಿದ್ದಾರೆ."

"ತೆಗೆದುಹಾಕಿ ಆಮೇಲೆ ಎಂತ ಹೇಳಿದರು ಸರ್? ಈ ಕವಿಯ ಛಂದಸ್ಸು ಕುಂಟುತ್ತದೆ ಅಂತ ಹೇಳಿದರು. ನೀವೂ ಅದನ್ನೇ ಬರೆದಿರಿ. ಸಾಲಿಗೆ ಎಂಟು ಅಕ್ಷರ ಬೇಕು, ಅವಳು ಎಂಟೇ ಬರೆದದ್ದು. ನೀವೆಲ್ಲ ಸೇರಿ ಒಂದು ಕಿತ್ತುಕೊಂಡಿರಿ, ಏಳಾಯಿತು. ಕಾಲು ಕತ್ತರಿಸಿದವರೇ ಕುಂಟಿ ಅಂತ ಕರೆದರೆ ಹೇಗೆ? ಆ ಅಕ್ಷರ ಹಾಕಿ ಓದಿ, ಒಂದು ಸಾಲೂ ಕುಂಟುವುದಿಲ್ಲ. ಇಪ್ಪತ್ತು ವರ್ಷದಿಂದ ಅವಳ ಜೊತೆ ಇದ್ದೇನೆ ನಾನು. ಸಾಧಾರಣ ಕವಿ ಅಲ್ಲ ಸರ್ ಅವಳು. ನನ್ನ ಹೆಸರಿನ ಪುಸ್ತಕದಲ್ಲಿ, ನನ್ನ ಭಾಷೆಯಲ್ಲಿ, ಅವಳನ್ನು ಇನ್ನೊಂದು ಸಲ ಗಂಡಸು ಮಾಡಲಿಕ್ಕೆ ನಾನು ಬಿಡುವುದಿಲ್ಲ."

"ಕೆಲಸ ಹೋದೀತು," ಎಂದರು ಪ್ರಾಧ್ಯಾಪಕರು. ಅದರಲ್ಲಿ ಬೆದರಿಕೆ ಇರಲಿಲ್ಲ, ನಿಜವಾದ ಗಾಬರಿಯಿತ್ತು.

"ಹೋಗಲಿ."

ಬಾಗಿಲ ಬಳಿ ಕೂತಿದ್ದ ತೃಷಾ ಅಮ್ಮನ ಕಡೆ ನೋಡಿ, "ಡೋಂಟ್ ಸೈನ್ ಇಟ್, ಮಮ್ಮಿ. ವೀ ವಿಲ್ ಮ್ಯಾನೇಜ್," ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ.

ಮೌಜಾ ಜಪ್ತಿಯ ಪಂಚನಾಮೆ ಎಳೆದುಕೊಂಡರು. ನಾನೂರು ಪ್ರತಿ ಪ್ರಕರಣದ ವಸ್ತು, ಠಾಣೆಯ ವಶಕ್ಕೆ. ಶುಕ್ರವಾರದ ಸಭೆಗೆ ಒಂದೂ ಸಿಗುವುದಿಲ್ಲ. ಪುಸ್ತಕದ ಹೆಸರು ಬರೆದರು. ಮುಂದಿನದು ಬರೆಯುವಾಗ ಪೆನ್ನು ನಿಂತಿತು.

"ಕವಿ. ಅರಬಿಯಲ್ಲಿ ಶಾಇರ್ ಅನ್ನಬೇಕು, ಇಲ್ಲವೇ ಶಾಇರಾ ಅನ್ನಬೇಕು. ನಡುವಿನದು ನಮ್ಮಲ್ಲಿ ಇಲ್ಲ."

"ಶಾಇರ್," ಎಂದರು ಡಾ. ಬೆನೆಡಿಕ್ಟ್ ತಕ್ಷಣ. ಅಷ್ಟು ಅರಬಿ ಅವರಿಗೂ ಅರ್ಥವಾಗಿತ್ತು.

"ಪಂಚನಾಮೆಯಲ್ಲಿ ನನ್ನ ಅಭಿಪ್ರಾಯಕ್ಕೂ ಜಾಗವಿಲ್ಲ, ನಿಮ್ಮದಕ್ಕೂ ಇಲ್ಲ ಡಾಕ್ಟರ್. ಜಪ್ತಿಯಾದ ವಸ್ತುವಿನ ಮೇಲೆ ಈ ಹೊತ್ತು ಏನಿದೆಯೋ ಅದನ್ನು ಬರೆಯುವುದು ನನ್ನ ಕೆಲಸ. ಸಫೀರ್, ಓದು."

ಸಫೀರ್ ಒಂದು ಪ್ರತಿ ಎತ್ತಿಕೊಂಡ. ಯಾವ ಕಟ್ಟಿನದೆಂದು ಅವನಿಗೆ ನೋಡುತ್ತಲೇ ತಿಳಿಯಿತು. "ಒಲೆ ಆರಿತು, ಹೊಂಡ ತಣಿಯಿತು, ನಾನಿಲ್ಲಿ ಒಬ್ಬಳೇ." ಓದಿ, ಅದೇ ಸಾಲನ್ನು ಅರಬಿಯಲ್ಲೂ ಹೇಳಿದ.

ಮೌಜಾ 'ಶಾಇರಾ' ಎಂದು ಬರೆದು, ಕೊನೆಯ ದುಂಡಕ್ಷರದ ಮೇಲೆ ಎರಡು ಚುಕ್ಕೆಗಳನ್ನು ಸ್ವಲ್ಪ ಒತ್ತಿಯೇ ಇಟ್ಟರು. ಪ್ರಾಧ್ಯಾಪಕರು ಗೋಡೆಯ ಬದಿಗೆ ಹೋಗಿ ಕೂತರು.

ಒಂದು ಗಂಟೆಯ ಹೊತ್ತಿಗೆ ಹಸ್ನಾ ಏದುಸಿರು ಬಿಡುತ್ತ ಠಾಣೆಗೆ ಬಂದಳು. ಯಾರೂ ಕರೆದಿರಲಿಲ್ಲ. "ಟೀಚರ್, ನಾನು ಹೇಳ್ತೇನೆ," ಎಂದು ಮುಂದೆ ಬಂದವಳನ್ನು ರಾಜೀವಿ ತಡೆದಳು.

"ಹಸ್ನಾ, ತೃಷಾಳಿಗೆ ಶನಿವಾರ ಪರೀಕ್ಷೆ ಉಂಟು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಮನೆಗೆ ಕರೆದುಕೊಂಡು ಹೋಗು, ಊಟ ಕೊಡು."

"ಟೀಚರ್..."

"ಕ್ಲಾಸಿನಲ್ಲಿ ನಾನು ಹೇಳಿದ ಕೆಲಸ ಮಾಡ್ತಿದ್ದೆಯಲ್ಲ? ಈಗಲೂ ಮಾಡು."

ಹಸ್ನಾ ಗಂಡನ ಕಡೆ ನೋಡಿದಳು. ಮೌಜಾ ತಮ್ಮ ಮುಂದಿದ್ದ ಕಾಗದದಿಂದ ತಲೆ ಎತ್ತಲಿಲ್ಲ. ಹಸ್ನಾ ಹುಡುಗಿಯ ಚೀಲ ಎತ್ತಿಕೊಂಡು, ಅವಳ ಹೆಗಲು ಬಳಸಿ ಹೊರಟಳು.

ಆರೋಪಿಯನ್ನು ವಶಕ್ಕೆ ಪಡೆಯಲಾಯಿತು. ಭಾನುವಾರ ಪ್ರಾಸಿಕ್ಯೂಷನ್ ಮುಂದೆ ಹಾಜರು. ಹೇಳಿಕೆಯನ್ನು ಆರೋಪಿಯ ಭಾಷೆಯಲ್ಲಿ ಓದಿ ಹೇಳಬೇಕೆಂದು ನಿಯಮ. ಸಫೀರ್ ಅರಬಿಯನ್ನು ನೋಡುತ್ತ ಕನ್ನಡದಲ್ಲಿ ಓದಿದ. ರಾಜೀವಿ ಕಣ್ಣು ಮುಚ್ಚಿ ಕೇಳಿದಳು, ಮಕ್ಕಳು ಪಾಠ ಒಪ್ಪಿಸುವುದನ್ನು ಕೇಳುವ ಹಾಗೆ.

ಕಡತದ ಕೊನೆಗೆ, ಕೃತ್ಯಕ್ಕೆ ಕಾರಣ ಎಂಬಲ್ಲಿ, ಏನು ಬರೆಯಬೇಕೆಂದು ಮೌಜಾ ನೇರವಾಗಿ ರಾಜೀವಿಯನ್ನೇ ಕೇಳಿದರು. ದ್ವೇಷವೋ? ಹೆಸರಿನ ಆಸೆಯೋ?

"ಸಾಲಿನಲ್ಲಿ ಒಂದು ಅಕ್ಷರ ಕಡಿಮೆ ಇತ್ತು. ಹಾಗಂತ ಬರೆಯಿರಿ."

ಮೌಜಾ ಹಾಗೆಯೇ ಬರೆದರು. ಗೋಡೆಯ ಬದಿಯಲ್ಲಿ ಡಾ. ಬೆನೆಡಿಕ್ಟ್ ತುಟಿಯೊಳಗೇ ಎಕಾರ ತೆಗೆದ ಆ ಫ್ರೆಂಚ್ ಸಾಲನ್ನು ಹೇಳಿಕೊಳ್ಳುತ್ತ, ಮಡಿಲಿನಲ್ಲಿ ಬೆರಳು ಮಡಿಸುತ್ತಿದ್ದರು. ಒಂದು ಸಲ ಎಣಿಸಿದರು, ಮತ್ತೆ ಮೊದಲಿನಿಂದ ಎಣಿಸಿದರು. ಎಂಟನೆಯ ಬೆರಳು ಮಡಿಸದೆ ಉಳಿಯಿತು. ಅವರು ಅದನ್ನೇ ನೋಡುತ್ತ ಕೂತಿದ್ದರು.

ಸಹಿಗೆ ಪೆನ್ನು ಕೊಡುವಾಗ ರಾಜೀವಿ ಮೊದಲ ಸಲ ಸಫೀರನ ಮುಖ ನೋಡಿದಳು.

"ನಾನು ಒಬ್ಬಳೇ ಅಂದದ್ದನ್ನು ಅರಬಿಯಲ್ಲಿ ಬರೆದಿದ್ದಾರಲ್ಲ. ಅದರಲ್ಲಿ ಹೆಣ್ಣು ಅಂತ ಗೊತ್ತಾಗ್ತದಾ?"

"ಗೊತ್ತಾಗ್ತದೆ ಟೀಚರ್. ಕೊನೆಯಲ್ಲಿ ಒಂದು ಅಕ್ಷರ ಉಂಟು."

"ಯಾರೂ ತೆಗೆಯುವುದಿಲ್ಲ ಅಲ್ವಾ?"

"ಸರ್ಕಾರಿ ಕಾಗದ. ತೆಗೆದರೆ ಅಪರಾಧ."

ರಾಜೀವಿ ನಕ್ಕಳು. "ಕೊಡಿ ಹಾಗಾದರೆ," ಎಂದು ಸಹಿ ಹಾಕಿದಳು.